ಕೊತ್ತತ್ತಿ–ಪೂರಿಗಾಲಿ ಗುದ್ದಾಟದ ಐದನೇ ಸುತ್ತು

ಇಬ್ಬರನ್ನೂ ತೂಗಿದವನು ನಾನೇ. ಆಗ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ, ವಯಸ್ಸು ಇಪ್ಪತ್ತಾರು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಸುಗ್ಗಿಯ ಕೆಲಸವೆಲ್ಲ ಕಳೆದಿದ್ದ ಒಂದು ಭಾನುವಾರ. ಬೆಳಿಗ್ಗೆ ಎಂಟು ಗಂಟೆಗೆ ಕೊತ್ತತ್ತಿಯವನು ಅಂಗಿ ಬಿಚ್ಚಿ, ಔಷಧಿ ಕೋಣೆಯ ಪಕ್ಕದ ತೂಕದ ಯಂತ್ರದ ಮೇಲೆ ಹತ್ತಿ ನಿಂತ. ನೂರ ಐವತ್ತೊಂಬತ್ತು ಪೌಂಡು. ಅವನು ಇಳಿದ ಮೇಲೆ ಪೂರಿಗಾಲಿಯವನು ಹತ್ತಿದ. ನೂರ ಐವತ್ತೆಂಟು. ನೂರ ಅರವತ್ತನ್ನು ಯಾರೂ ದಾಟಬಾರದು, ಈ ತೂಕದವರಿಗೆ ಮಿಡ್ಲ್‌ವೇಟ್ ಅನ್ನುತ್ತಾರೆ ಎಂದು ರೆಫರಿ ವಿವರಿಸಿದರು. ಅವರು ಪಟಾಲಮ್ಮಿನಿಂದ ನಿವೃತ್ತರಾಗಿ ಬಂದಿದ್ದ ಹವಾಲ್ದಾರರು. ಮೀಸೆಗೆ ಎಣ್ಣೆ ಹಚ್ಚಿ ತಿದ್ದಿದ್ದರು.

ನಮ್ಮ ಕಡೆ ಜನಕ್ಕೆ ಕುಸ್ತಿ ಗೊತ್ತಿತ್ತು, ಬಾಕ್ಸಿಂಗ್ ಗೊತ್ತಿರಲಿಲ್ಲ. ಯುದ್ಧಕ್ಕೆ ಹೋಗಿದ್ದವರು ವಾಪಸ್ಸು ಬರುವಾಗ ಬೂಟು, ಸಿಗರೇಟು, ಹಿಂದಿ ಬೈಗುಳಗಳ ಜೊತೆಗೆ ಇದನ್ನೂ ತಂದರು. ಬಾಕ್ಸಿಂಗ್ ಅನ್ನುವುದು ನಾಲಿಗೆಗೆ ಸರಿಯಾಗಿ ಒಗ್ಗದೆ ಜನ ಅದನ್ನು ಗುದ್ದಾಟ ಅಂತಲೇ ಕರೆದರು. ಈ ಇಬ್ಬರೂ ಬೇರೆ ಬೇರೆ ರೆಜಿಮೆಂಟಿನಲ್ಲಿದ್ದವರು, ಒಬ್ಬರನ್ನೊಬ್ಬರು ನೋಡಿದ್ದು ಅವತ್ತೇ ಮೊದಲು. ಕೊತ್ತತ್ತಿಯವನು ಉದ್ದನೆಯ ಆಳು, ಸೊಂಟ ಸಣ್ಣ, ತೋಳು ಮಂಡಿಯ ಹತ್ತಿರಕ್ಕೆ ಬರುತ್ತಿತ್ತು. ಪೂರಿಗಾಲಿಯವನು ಅವನಿಗಿಂತ ಒಂದು ಗೇಣು ಗಿಡ್ಡ. ಕುತ್ತಿಗೆ ಮಾತ್ರ ನೊಗ ಹೊತ್ತು ಪಳಗಿದ ಎತ್ತಿನ ಹೆಗಲ ಹಾಗೆ ಗಡುಸಾಗಿತ್ತು. ತೂಕ ಮುಗಿದ ಮೇಲೆ ಜಗುಲಿಯ ಮೇಲೆ ಅಕ್ಕಪಕ್ಕ ಕೂತು ಅಂಗಿ ಹಾಕಿಕೊಳ್ಳುತ್ತಾ ಮಾತಾಡಿಕೊಂಡರು.

"ನಿಮ್ ಕಡೆ ನಾಲೆ ನೀರು ಬಂತೇನಪ್ಪ?" ಅಂದ ಕೊತ್ತತ್ತಿಯವನು.

"ಎಲ್ಲಿ ಬಂತು? ನಿಮ್ಗಾದ್ರೆ ಮನೆ ಬಾಗ್ಲಿಗೇ ಅರೀತದೆ. ಪುಣ್ಯವಂತರು ಕಣಪ್ಪ ನೀವು."

ಸಾಯಂಕಾಲ ಗುದ್ದಾಡಬೇಕಾದವರು ಹೀಗೆ ಮಾತಾಡುವುದನ್ನು ಕೇಳಿ ನನಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಇಬ್ಬರ ಕೈಯ ಪೆಟ್ಟೂ ಎಂಥದೆಂದು ನಾನು ನೋಡಿದ್ದೆ. ದೀಪಾವಳಿಯ ಹೊತ್ತಿಗೆ ಮಳವಳ್ಳಿಯಲ್ಲಿ ಪೂರಿಗಾಲಿಯವನ ಎದುರು ನಿಂತಿದ್ದವನೊಬ್ಬ ದವಡೆ ಕಳಚಿಕೊಂಡು, ಬಾಯಿ ಮುಚ್ಚಲಾಗದೆ, ಜೊಲ್ಲು ಸುರಿಸುತ್ತಾ ನಮ್ಮ ಆಸ್ಪತ್ರೆಗೆ ಬಂದಿದ್ದ. ಡಾಕ್ಟರು ಕೂರಿಸಿದ ದವಡೆಗೆ ತಲೆ ಸುತ್ತ ಬಟ್ಟೆ ಕಟ್ಟಿದವನು ನಾನು. ಇನ್ನೊಬ್ಬನಿಗೆ ಕೊತ್ತತ್ತಿಯವನ ಎಡಗೈ ಎದೆಗೆ ತಾಗಿ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಅವನು ಉಸಿರೆಳೆದಾಗಲೆಲ್ಲ ಅಳುತ್ತಿದ್ದ.

ಆ ಗುದ್ದಾಟ ನಡೆಸಿದ್ದು ಊರಿನ ಒಂದು ವ್ಯಾಯಾಮ ಸಂಘ. ತಾಲ್ಲೂಕಿನ ಅಮಲ್ದಾರರು ಒಪ್ಪಿಗೆ ಕೊಡುವಾಗ ಒಂದು ಷರತ್ತು ಹಾಕಿದ್ದರು: ಅಖಾಡದ ಪಕ್ಕದಲ್ಲಿ ಡಾಕ್ಟರು ಕೂತಿರಬೇಕು. ನಮ್ಮ ಡಾಕ್ಟರು ಆಗಲಿ ಅಂದಿದ್ದರು. ಆದರೆ ಶನಿವಾರ ಮಧ್ಯಾಹ್ನ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಕಾಲರಾ ಕಾಣಿಸಿದೆ ಎಂದು ಸುದ್ದಿ ಬಂತು. ಅವರು ಸೂಜಿ, ಔಷಧಿ ಪೆಟ್ಟಿಗೆಗೆ ತುಂಬಿಸುತ್ತಲೇ ನನಗೆ ಹೇಳಿದರು:

"ನಾಳೆ ನೀನು ಹೋಗಿ ಕೂತ್ಕೋ."

"ನಾನಾ ಸಾರ್? ನನಗೇನು ಗೊತ್ತಿದೆ?"

"ಮೂರು ವಿಷಯ ನೋಡು, ಸಾಕು. ಬಿದ್ದೋನು ಎದ್ದ ಮೇಲೂ ಮಂಕಾಗಿದ್ರೆ ನಿಲ್ಸು. ವಾಂತಿ ಮಾಡಿದ್ರೆ ನಿಲ್ಸು. ಕಣ್ಣಿನ ಪಾಪೆ ಎರಡೂ ಒಂದೇ ಸಮ ಇಲ್ದೇ ಇದ್ರೆ ಯಾರ ಮಾತನ್ನೂ ಕೇಳಬೇಡ, ನಿಲ್ಸು. ನೀನು ಕೈ ಎತ್ತಿದ್ರೆ ಆಯ್ತು, ರೆಫರಿಗೆ ಹೇಳಿದೀನಿ."

ಪಾಪೆಯ ಮಾತು ಬಂದಾಗ ನನಗೆ ಒಬ್ಬನ ನೆನಪಾಯಿತು. ಹಿಂದಿನ ವರ್ಷ ಗೆಜ್ಜಲಗೆರೆ ಕಡೆಯಿಂದ, ತೆಂಗಿನ ಮರದಿಂದ ಬಿದ್ದವನೊಬ್ಬನನ್ನು ಗಾಡಿಯಲ್ಲಿ ತಂದಿದ್ದರು. ಅವನು ತಾನೇ ನಡೆದು ಬಂದು ಬೆಂಚಿನ ಮೇಲೆ ಕೂತ. ಬೀಡಿ ಕೇಳಿದ. ಯಾವ ಮರ, ಯಾವ ಗರಿ ಹಿಡಿದಾಗ ಜಾರಿತು ಎಂದೆಲ್ಲ ಹೇಳಿದ. ಡಾಕ್ಟರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನನ್ನನ್ನು ಹತ್ತಿರ ಕರೆದರು. ಒಂದು ಪಾಪೆ ಸಾಸಿವೆ ಕಾಳಿನಷ್ಟು, ಇನ್ನೊಂದು ತೊಗರಿ ಕಾಳಿನಷ್ಟು. "ತಲೆ ಒಳಗೆ ರಕ್ತ ಸುರೀತಿದೆ. ನೋಡ್ಕೋ, ಮರೀಬೇಡ" ಎಂದು ಅವನಿಗೆ ತಿಳಿಯದ ಹಾಗೆ ಇಂಗ್ಲಿಷಿನಲ್ಲಿ ಅಂದರು. ಮೈಸೂರಿಗೆ ಸಾಗಿಸಲು ವ್ಯಾನು ಹುಡುಕುವಷ್ಟರಲ್ಲಿ ಅವನು ಗೋಡೆಗೊರಗಿ ನಿದ್ದೆ ಹೋದ. ಆ ನಿದ್ದೆಯಿಂದ ಏಳಲಿಲ್ಲ.

ಭಾನುವಾರ ಮೂರೂವರೆಗೆ ನಾನು ಹೋದಾಗ ಬಯಲು ತುಂಬಿಹೋಗಿತ್ತು. ಕೊಯ್ಲಾದ ಗದ್ದೆಯನ್ನು ಮಟ್ಟ ಮಾಡಿ, ಹಲಗೆ ಹಾಸಿ, ಅದರ ಮೇಲೆ ಹುಲ್ಲು ಹರಡಿ, ಟಾರ್ಪಾಲು ಬಿಗಿದಿದ್ದರು. ನಾಲ್ಕು ಮೂಲೆಗೆ ನಾಲ್ಕು ಕಂಬ, ಗೋಣಿಚೀಲ ಸುತ್ತಿದ ಗಾಡಿಹಗ್ಗ. ಗಂಟೆಗೆಂದು ಸ್ಕೂಲಿನಿಂದ ತಂದ ರೈಲುಕಂಬಿಯ ತುಂಡು. ಒಂದು ಕಡೆ ಕೊತ್ತತ್ತಿಯವರೂ ಸುತ್ತಮುತ್ತಲ ಹಳ್ಳಿಯವರೂ. ಅವರೇ ಮುಕ್ಕಾಲು ಪಾಲು. ಇನ್ನೊಂದು ಕಡೆ ಪೂರಿಗಾಲಿಯವನಿಗಾಗಿ ಮಳವಳ್ಳಿ ಸೀಮೆಯಿಂದ ಗಾಡಿ ಕಟ್ಟಿಕೊಂಡು, ಇದ್ದಲು ಉರಿಸಿ ಓಡಿಸುವ ಬಸ್ಸು ಹತ್ತಿ ಬಂದವರು. ಹೆಂಗಸರು ದೂರದಲ್ಲಿ ಬದುವಿನ ಮೇಲೆ ನಿಂತಿದ್ದರು. ಬಹಳ ಜನರ ಕೈಯಲ್ಲಿ ಕಬ್ಬಿನ ಜಲ್ಲೆ. ಸಿಗಿದು ತಿನ್ನುತ್ತಾ ಸಿಪ್ಪೆ ಉಗಿಯುತ್ತಿದ್ದರು. ಆ ಜಲ್ಲೆಗಳು ನನಗೆ ತಿನ್ನುವ ವಸ್ತುವಿನ ಹಾಗೆ ಕಾಣಿಸಲಿಲ್ಲ.

ಹಗ್ಗಕ್ಕೆ ತಾಗಿಕೊಂಡೇ ನನಗೊಂದು ಕುರ್ಚಿ ಹಾಕಿದ್ದರು. ಕಾಲ ಬಳಿ ಅಯೋಡಿನ್, ಹತ್ತಿ, ಪಟ್ಟಿ ಇದ್ದ ಡಬ್ಬ. ಜೇಬಿನಲ್ಲಿ ಡಾಕ್ಟರ ಬ್ಯಾಟರಿ. ಸಂಘದವರು ಮೆಗಾಫೋನಿನಲ್ಲಿ ನನ್ನನ್ನು "ಡಾಕ್ಟರು" ಎಂದೇ ಪರಿಚಯ ಮಾಡಿಕೊಟ್ಟರು. ಎದ್ದು ಕೈ ಮುಗಿದೆ. ಅಲ್ಲ, ನಾನು ಬರೀ ಕಾಂಪೌಂಡರ್ ಎಂದು ಹೇಳುವ ಧೈರ್ಯವೂ ಅವತ್ತು ನನಗಾಗಲಿಲ್ಲ.

ಎಂಟು ಸುತ್ತು, ಒಂದೊಂದಕ್ಕೆ ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಕಂಬಿ ಬಾರಿಸಿದರು.

ಮೊದಲನೇ ಸುತ್ತಿನಲ್ಲೇ ಪೂರಿಗಾಲಿಯವನು ನೆಲಕ್ಕೆ ಬಿದ್ದ. ಅವನು ತಲೆ ತಗ್ಗಿಸಿ ನುಗ್ಗಿ ಬರುತ್ತಿದ್ದಾಗ ಕೊತ್ತತ್ತಿಯವನ ಎಡಗೈ ನೆಟ್ಟಗೆ ಬಂದು ಮುಖದ ನಡುವೆ ಕೂತಿತು. ಒದ್ದೆ ಕಂಬಳಿಯನ್ನು ಒಗೆಯುವ ಕಲ್ಲಿಗೆ ಬಡಿದ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅವನು ಒಂದು ಮಂಡಿಯೂರಿ ರೆಫರಿಯ ಎಣಿಕೆ ಕೇಳುತ್ತಿದ್ದ. ಹತ್ತರೊಳಗೆ ಏಳದಿದ್ದರೆ ಸೋಲು. ಎಂಟಕ್ಕೆ ಎದ್ದ. ಎರಡನೇ ಸುತ್ತಿನಲ್ಲಿ ಪಾಳಿ ತಿರುಗಿತು. ಗಿಡ್ಡವನು ಉದ್ದನೆಯವನ ತೋಳಿನ ಕೆಳಗೆ ತೂರಿ ಹೊಟ್ಟೆಗೆ ಮೂರು ಇಟ್ಟು, ಹಿಂದಕ್ಕೆ ಸರಿಯುತ್ತಲೇ ಬಲಗೈಯನ್ನು ಕುಡುಗೋಲು ಬೀಸಿದ ಹಾಗೆ ಬೀಸಿದ. ಅದು ಕೊತ್ತತ್ತಿಯವನ ಎಡಗಣ್ಣಿನ ಮೇಲೆ ಬಿತ್ತು. ಅವನು ಹಗ್ಗಕ್ಕೆ ಬಂದು ಬಡಿದಾಗ ಅವನ ಬೆವರು ನನ್ನ ಮುಖಕ್ಕೆ ಹಾರಿತು. ಹತ್ತಿರದಿಂದ ನೋಡಿದರೆ ಅದು ಆಟವಾಗಿ ಕಾಣುವುದಿಲ್ಲ. ಇಬ್ಬರೂ ಹೊಡೆಯುವ ಮುಂಚೆ ಮೂಗಿನಲ್ಲಿ ಹುಂ ಹುಂ ಅನ್ನುತ್ತಿದ್ದರು, ಕಟ್ಟಿಗೆ ಸೀಳುವವರ ಹಾಗೆ.

ಮೂರನೆಯದರಲ್ಲಿ ಇಬ್ಬರೂ ಒಂದೊಂದು ಸಲ ಬಿದ್ದರು. ಜನ ಹುಚ್ಚೆದ್ದು ಹೋದರು. ಪ್ರತಿ ಬಿಡುವಿನಲ್ಲೂ ನಾನು ಎರಡೂ ಮೂಲೆಗೆ ಓಡಿ ಮುಖ ನೋಡಿ, ರಕ್ತ ಒರೆಸಿ, ಕಣ್ಣಿಗೆ ಬ್ಯಾಟರಿ ಬಿಟ್ಟು ಬರಬೇಕು. ಪೂರಿಗಾಲಿಯವನ ಮೂಗು ಮುರಿದಿತ್ತು, ಪಾಪೆಗಳು ಸಮನಾಗಿದ್ದವು. ಕೊತ್ತತ್ತಿಯವನ ಎಡಗಣ್ಣು ಊದಿಕೊಳ್ಳುತ್ತಿತ್ತು, ಆದರೆ ಪಾಪೆ ಆಗಿನ್ನೂ ಕುಗ್ಗುತ್ತಿತ್ತು. ನಾಲ್ಕನೇ ಸುತ್ತು ಪೂರ್ತಿ ಅವನದೇ. ಎಡಗೈಯಿಂದ ದೂರ ಇಟ್ಟು ಇಟ್ಟು ಹೊಡೆದ. ಗೆಲ್ಲುವವನು ಅವನೇ ಎಂದು ನನ್ನಂಥ ತಿಳಿಯದವನಿಗೂ ತಿಳಿಯಿತು.

ಆ ಬಿಡುವಿನಲ್ಲಿ ಅವನ ಮೂಲೆಗೆ ಹೋದೆ. ಅವನ ಅಣ್ಣ, ನಲವತ್ತರ ಮೇಲಿನ ಗಟ್ಟಿ ಆಳು, ತಂಬಿಗೆ ಹಿಡಿದು ಬಾಯಿಗೆ ನೀರು ಬಿಡುತ್ತಿದ್ದ. ನಾನು ಊದಿದ ರೆಪ್ಪೆಯನ್ನು ಹೆಬ್ಬೆರಳಲ್ಲಿ ಮೇಲಕ್ಕೆತ್ತಿ ಬ್ಯಾಟರಿ ಒತ್ತಿದೆ. ಪಾಪೆ ಕುಗ್ಗಲಿಲ್ಲ. ಬಲಗಣ್ಣಿಗೆ ಬಿಟ್ಟೆ, ಕುಗ್ಗಿತು. ಮತ್ತೆ ಎಡಕ್ಕೆ. ದೊಡ್ಡದಾಗಿ, ಕಪ್ಪಾಗಿ, ಅಲುಗದೆ ನಿಂತಿತ್ತು. 

"ಎಂಗಿದ್ದೀಯಪ್ಪ? ತಲೆ ನೋಯ್ತದಾ?" ಅಂದೆ.

"ಏನಿಲ್ಲ ಸ್ವಾಮಿ. ಸುಮ್ಕಿರಿ, ನಾ ಗೆಲ್ತಾ ಇವ್ನಿ."

"ಈಗ ಎಷ್ಟ್ನೇ ಸುತ್ತು ಬರೋದು?"

"ಐದು. ಯಾಕೆ ಸ್ವಾಮಿ, ನಂಗೆ ಲೆಕ್ಕ ಬರಾಕಿಲ್ವಾ?" ಎಂದು ಒಡೆದ ತುಟಿಯಲ್ಲೇ ನಕ್ಕ.

ತೆಂಗಿನ ಮರದವನೂ ಹೀಗೇ ನೆಟ್ಟಗೆ ಮಾತಾಡಿದ್ದ. ನಾನು ರೆಫರಿಯ ಕಡೆ ತಿರುಗಿದೆ. ಅಷ್ಟರಲ್ಲಿ ಅಣ್ಣ ನನ್ನ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡ. ಉಳುವವನ ಕೈ, ಬಿಗಿದರೆ ಮೂಳೆ ಕರಕರ ಅನ್ನಬೇಕು.

"ಏನ್ ಮಾಡಾಕ್ ಓಯ್ತಿದ್ದೀರಿ?"

"ಕಣ್ಣು ಸರಿ ಇಲ್ಲ. ನಿಲ್ಲಿಸ್ಬೇಕು."

"ನಿಲ್ಸುದ್ರೆ ಸೋಲು ಅಂತಾರೆ ಅಲ್ವಾ? ಗೆಲ್ಲೋ ಮಗನ್ನ ಸೋಲ್ಸೀರಾ? ಆ ಜನ ನೋಡಿ ಒಂದ್ ಕಿತ. ನೀವು ಕೈ ಎತ್ತುದ್ರೆ ಇಲ್ಲಿಂದ ಎಂಗೆ ಆಚೆ ಓಯ್ತೀರಿ ಅಂತ ಯೋಚ್ನೆ ಮಾಡ್ಕಳಿ. ನಾ ಏನೂ ಮಾಡಾಕಿಲ್ಲ. ಅವ್ರು ಬುಡಾಕಿಲ್ಲ."

ನಾನು ಆ ಜನರನ್ನು ನೋಡಿದೆ. ಹತ್ತು ಅಡಿ ದೂರದಲ್ಲಿ ಮುಂದಿನ ಸಾಲು. ಅರಚಿ ಅರಚಿ ಕುತ್ತಿಗೆಯ ನರ ಉಬ್ಬಿಸಿಕೊಂಡ ಮುಖಗಳು. ಅವರಲ್ಲಿ ಎಷ್ಟೋ ಜನ ನನ್ನ ಕೈಯಿಂದ ಕ್ವಿನೈನ್ ಕುಡಿದವರು. ನಾಲೆ ಬಂದ ಮೇಲೆ ನಮ್ಮ ಸೀಮೆಗೆ ಅಂಟಿಕೊಂಡಿದ್ದ ಚಳಿಜ್ವರಕ್ಕೆ ವಾರ ವಾರ ಆಸ್ಪತ್ರೆಯ ಮುಂದೆ ಸಾಲು ನಿಂತು, "ಕೈ ಮುಗೀತೀನಿ ಸ್ವಾಮಿ" ಅನ್ನುತ್ತಿದ್ದವರು. ಅವತ್ತು ಅವರಲ್ಲಿ ಒಬ್ಬನ ಗುರುತೂ ನನಗೆ ಸಿಗಲಿಲ್ಲ.

ಕಂಬಿ ಬಾರಿಸಿತು. ಅಣ್ಣ ಕೈ ಬಿಟ್ಟ. ನಾನು ನನ್ನ ಕುರ್ಚಿಗೆ ಬಂದು ಕೂತೆ. ಕೈ ಎತ್ತಲಿಲ್ಲ.

ಆ ಮೂರು ನಿಮಿಷವನ್ನು ನಾನು ಎಷ್ಟು ಸಲ ಮತ್ತೆ ಬದುಕಿದ್ದೇನೋ ಲೆಕ್ಕವಿಲ್ಲ. ಈಗಲಾದರೂ ಎತ್ತು, ಈಗಲಾದರೂ ಎತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅವು ಅಲ್ಲಿಗೆ ಹೇಗೆ ಹೋದವೋ ಗೊತ್ತಿಲ್ಲ. ಕೊತ್ತತ್ತಿಯವನು ಶುರುವಿಗೇ ಒಂದು ಇಟ್ಟ. ಪೂರಿಗಾಲಿಯವನು ಬೆನ್ನಡಿಯಾಗಿ ಬಿದ್ದ. ಅರಚಾಟಕ್ಕೆ ರೆಫರಿಯ ಎಣಿಕೆ ಕೇಳಿಸಲಿಲ್ಲ, ಬೆರಳು ಮಾತ್ರ ಕಾಣುತ್ತಿತ್ತು. ಏಳಬೇಡವೋ, ಏಳಬೇಡ, ಅಲ್ಲೇ ಮಲಗಿರು ಎಂದು ನಾನು ಬೇಡಿಕೊಂಡೆ. ಅವನು ಸೋತರೆ ಎಲ್ಲ ಮುಗಿಯುತ್ತಿತ್ತು, ನಾನು ಕೈ ಎತ್ತುವ ಅಗತ್ಯವೇ ಇರುತ್ತಿರಲಿಲ್ಲ. ಒಂಬತ್ತಕ್ಕೆ ಎದ್ದ. ಎದ್ದವನು ತೂರಾಡುತ್ತಾ ಬಂದು ಬಲಗೈ ಬೀಸಿದ. ಕೊತ್ತತ್ತಿಯವನು ಅದನ್ನು ನೋಡಲೇ ಇಲ್ಲ. ಎಡಗಡೆಯಿಂದ ಬರುತ್ತಿದ್ದದ್ದು ಅವನಿಗೆ ಕಾಣಿಸಲೇ ಇಲ್ಲ ಎಂದು ನನಗೆ ಅಷ್ಟು ಹತ್ತಿರದಿಂದ ಸ್ಪಷ್ಟವಾಗಿ ತಿಳಿಯಿತು. ಅದೇ ಕಣ್ಣಿಗೆ ಬಿತ್ತು. ಆಮೇಲೆ ಇನ್ನೊಂದು, ಮತ್ತೆ ಅಲ್ಲಿಗೇ. ಅವನು ಬೀಳಲಿಲ್ಲ. ಎದುರಾಳಿಯನ್ನು ತಬ್ಬಿಕೊಂಡು ನಿಂತ. ಕಂಬಿ ಬಾರಿಸಿತು.

ನಾನು ಹೋದಾಗ ಅವನು ಮುಕ್ಕಾಲಿಯ ಮೇಲೆ ಕೂತು ತಲೆ ಅಲುಗಿಸುತ್ತಿದ್ದ. ರೆಪ್ಪೆ ಎತ್ತಿದೆ. ಕಪ್ಪು ಗುಂಡಿಯ ಹಾಗೆ ಆ ಪಾಪೆ. ಅದರ ಕೆಳಗಡೆ ಕೆಂಪಗೆ ಏನೋ ಮಡುಗಟ್ಟಿತ್ತು. ಅಣ್ಣ ಮತ್ತೆ ನನ್ನ ಕೈ ಹಿಡಿಯಲು ಬಂದ. ಆಗ ನನಗೆ ಧೈರ್ಯ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಮೊದಲಿನದಕ್ಕಿಂತ ದೊಡ್ಡ ಹೆದರಿಕೆ. ಈ ಮನುಷ್ಯ ನನ್ನ ಕಣ್ಣ ಮುಂದೆ ಗೋಡೆಗೊರಗಿ ನಿದ್ದೆ ಹೋಗುತ್ತಾನೆ, ಅದನ್ನು ನಾನು ನೋಡಬೇಕಾಗುತ್ತದೆ ಅನ್ನುವ ಹೆದರಿಕೆ. ನಾನು ಎಡಗೈ ಎತ್ತಿದೆ.

ರೆಫರಿ ಓಡಿ ಬಂದರು. "ಏನ್ರೀ?"

"ನಿಲ್ಲಿಸಿ. ಪಾಪೆ ಸಮ ಇಲ್ಲ. ಜೀವಕ್ಕೆ ಅಪಾಯ."

ಅವರು ತಾವೂ ಬಗ್ಗಿ ನೋಡಿದರು. ಮೀಸೆಯ ಕೆಳಗೆ ತುಟಿ ಬಿಗಿಯಿತು. ನಡುವಿಗೆ ನಡೆದು ಪೂರಿಗಾಲಿಯವನ ಕೈಯನ್ನು ಮೇಲಕ್ಕೆತ್ತಿದರು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೊದಲು ಹೆಂಟೆ ಬಂದವು, ಆಮೇಲೆ ಕಬ್ಬಿನ ಜಲ್ಲೆ. "ಇಡೀರ್ಲಾ ಆ ಡಾಕ್ಟ್ರನ್ನ! ಮಳವಳ್ಳಿಯವ್ರ ಕಡೆ ಸೇರ್ಕಂಡವ್ನೆ!" ಎಂದು ಯಾರೋ ಕೂಗಿದರು. ಮುಂದಿನ ಸಾಲು ಹಗ್ಗದ ತನಕ ನುಗ್ಗಿತು. ನನ್ನ ಕುರ್ಚಿ ಮುರಿದ ಸದ್ದು ಕೇಳಿತು. ಜಲ್ಲೆಯೊಂದು ಭುಜಕ್ಕೆ ಬಿದ್ದು ನಾನು ಟಾರ್ಪಾಲಿನ ಮೇಲೆ ಮುಗ್ಗರಿಸಿದೆ. ಮೇಲೇಳುವ ಯೋಚನೆ ಬರಲಿಲ್ಲ, ತಲೆ ಮುಚ್ಚಿಕೊಂಡೆ.

ಆಗ ನನ್ನ ಮುಂದೆ ಎರಡು ಕಾಲುಗಳು ಬಂದು ನಿಂತವು. ಪೂರಿಗಾಲಿಯವನು. ಗ್ಲೌಸು ಇನ್ನೂ ಕೈಯಲ್ಲೇ ಇದ್ದವು. ಮೂಗಿನಿಂದ ರಕ್ತ ಎದೆಗಿಳಿದಿತ್ತು.

"ಯಾವನ್ಲಾ ಬರೋನು? ಬನ್ರುಲಾ!" ಎಂದು ಅಬ್ಬರಿಸಿದ. "ಅವ್ರು ಆಸ್ಪತ್ರೆಯವ್ರು ಕಣ್ರುಲಾ. ಕಣ್ಣು ಕೆಟ್ಟದೆ ಅಂತ ಏಳ್ತಾವ್ರೆ, ನಿಮ್ಗೆ ಗುದ್ದಾಟ ಬೇಕಾ? ನಾ ಇವ್ನಿ, ಬನ್ನಿ!"

ಯಾರೂ ಬರಲಿಲ್ಲ. ಅಷ್ಟು ಹೊಡೆತ ತಿಂದೂ ನಿಂತಿದ್ದವನ ಹತ್ತಿರಕ್ಕೆ ಬರುವುದು ಯಾರಿಗೂ ಬೇಕಿರಲಿಲ್ಲ. ಪೊಲೀಸಿನವರಿಬ್ಬರು ಲಾಠಿ ಬೀಸುತ್ತಾ ದಾರಿ ಮಾಡಿದರು. ಕೊತ್ತತ್ತಿಯವನನ್ನು ಜಟಕಾ ಗಾಡಿಗೆ ಹತ್ತಿಸಿದೆವು. ಅಣ್ಣ ಹಿಂದಿನಿಂದ ನಡೆದು ಬಂದ; ದಾರಿಯುದ್ದಕ್ಕೂ ನನ್ನ ವಂಶವನ್ನು ಬಯ್ಯುತ್ತಲೇ ಇದ್ದ.

ಡಾಕ್ಟರು ಬರುವುದು ಬಸ್ಸಿಗೆ. ಬಸ್ಸು ಬರುವುದಕ್ಕೆ ಇನ್ನೂ ಎರಡು ಗಂಟೆ ಬೇಕಿತ್ತು. ನಿಜವಾದ ಹೆದರಿಕೆ ಶುರುವಾದದ್ದು ಆಗ. ಬಯಲಿನಲ್ಲಿ ಹೆದರಲು ಗದ್ದಲವಾದರೂ ಇತ್ತು. ಇಲ್ಲಿ ಒಂದು ಕಬ್ಬಿಣದ ಮಂಚ, ಅದರ ಮೇಲೆ ಆ ಮನುಷ್ಯ, ಪಕ್ಕದಲ್ಲಿ ನಾನು. ಐದು ನಿಮಿಷಕ್ಕೊಮ್ಮೆ ನಾಡಿ ಎಣಿಸಿದೆ. ಅವನು ಕಣ್ಣು ಮುಚ್ಚಿದಾಗಲೆಲ್ಲ ಭುಜ ಅಲುಗಿಸಿದೆ.

"ನಿದ್ದೆ ಮಾಡ್ಬೇಡ. ಏನಾದ್ರೂ ಮಾತಾಡು."

"ನಿಮ್ ಜೊತೆ ಏನ್ ಮಾತು? ಗೆದ್ದಿದ್ದೆ ನಾನು. ಮೂರು ನಿಮ್ಸ ಸಾಕಾಗಿತ್ತು. ನೀವು ಆಳ್ ಮಾಡ್ಬುಟ್ರಿ" ಎಂದು ಗೋಡೆಯ ಕಡೆ ತಿರುಗಿದ.

"ಬೈಯಿ. ಬೈತಾನೇ ಇರು. ನಿದ್ದೆ ಮಾತ್ರ ಮಾಡ್ಬೇಡ."

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವನು ಮತ್ತೆ ನನ್ನ ಕಡೆ ತಿರುಗಿ ಬಲಗಣ್ಣಿನಲ್ಲಿ ದಿಟ್ಟಿಸಿದ. "ನಾ ಸತ್ತೋಯ್ತೀನಾ ಸ್ವಾಮಿ?"

ಇಲ್ಲ ಅನ್ನಬೇಕಿತ್ತು. ನಾನು ಮತ್ತೆ ನಾಡಿ ಎಣಿಸತೊಡಗಿದೆ. ಅವನಿಗೆ ಉತ್ತರ ಸಿಕ್ಕಿತು.  ಆಮೇಲೆ ಅಣ್ಣ ಹೊರಗೆ ಜಗುಲಿಯಲ್ಲಿದ್ದಾನೆಂದು ಖಚಿತ ಮಾಡಿಕೊಂಡು ಮೆಲ್ಲಗೆ ಅಂದ:

"ಎರಡ್ನೇ ಸುತ್ತಿಂದ್ಲೇ ಎಡಗಣ್ಣು ಮಬ್ಬು. ಯಾರ್ಗೂ ಏಳ್ಲಿಲ್ಲ. ಅಣ್ಣ ಊರೋರ ಮುಂದೆ ಸ್ಯಾನೆ ಏಳ್ಕಬುಟ್ಟಿದ್ದ, ನನ್ ತಮ್ಮ ಗೆಲ್ತಾನೆ ಅಂತ. ನಂಗೂ ಎದ್ರಿಕೆ ಆಗಿತ್ತು ಸ್ವಾಮಿ. ಪ್ರತಿ ಕಿತಾನೂ ಆಯ್ತದೆ. ಗಂಟೆ ಒಡೆಯೋಗಂಟ ಕಾಲು ನಡುಗ್ತವೆ. ಬರ್ಮಾದಲ್ಲಿ ಬಾಂಬು ಬಿದ್ದಾಗ್ಲೂ ಅಷ್ಟ್ ನಡುಗಿರ್ಲಿಲ್ಲ."

ನಾನು ಅವನ ನಾಡಿ ಹಿಡಿದಿದ್ದ ಕೈಯನ್ನು ಬಿಡಲಿಲ್ಲ. ಅವನೂ ಎಳೆದುಕೊಳ್ಳಲಿಲ್ಲ. ಹೀಗೇ ಕೂತು ಅವನ ಗದ್ದೆ ಎಷ್ಟು, ಎಮ್ಮೆ ಎಷ್ಟು, ಮಗಳಿಗೆ ಯಾವ ಹಲ್ಲು ಬಂತು ಎಂದೆಲ್ಲ ಕೇಳುತ್ತಾ ಹೋದೆ. ಅವನು ಒಂದೊಂದು ಉತ್ತರಕ್ಕೆ ತಡಮಾಡಿದಾಗಲೂ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಬಂದರು. ಬಟ್ಟೆಯೆಲ್ಲ ಧೂಳು. ಕೈ ತೊಳೆದು ನೇರ ಮಂಚದ ಹತ್ತಿರ ಬಂದು, ಬ್ಯಾಟರಿ ಇಸಿದುಕೊಂಡು ನೋಡಿದರು. ಮಂಡಿ ತಟ್ಟಿದರು, ಪಾದ ಗೀರಿದರು, ಕೈ ಹಿಸುಕು ಅಂದರು, ಎಬ್ಬಿಸಿ ನಿಲ್ಲಿಸಿದರು. ಮತ್ತೆ ಕಣ್ಣು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕಡೆಗೆ ಅವರು ಹೊರಗೆ ಬಂದು, ಅಣ್ಣನಿಗೂ ನನಗೂ ಒಟ್ಟಿಗೇ ಹೇಳಿದರು:

"ತಲೆಗೆ ಏನೂ ಆಗಿಲ್ಲ. ಪೆಟ್ಟು ಕಣ್ಣಿಗೇ ಬಿದ್ದಿದೆ. ಕಣ್ಣೊಳಗೆ ರಕ್ತ ನಿಂತಿದೆ, ಪಾಪೆ ಅದಕ್ಕೇ ಹಿಗ್ಗಿರೋದು. ಜೀವಕ್ಕೆ ಭಯ ಇಲ್ಲ. ಕಣ್ಣು ಉಳಿಯುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಲುಗಾಡದೆ ಮಲಗಿಸಿ."

ಅಣ್ಣ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ. ನನಗೆ ಸಮಾಧಾನವಾಗಬೇಕಿತ್ತು. ಡಾಕ್ಟರ ಹಿಂದೆಯೇ ಅವರ ಕೋಣೆಗೆ ಹೋದೆ.

"ಸಾರ್, ನಾನು ತಪ್ಪು ತಿಳ್ಕೊಂಡಿದ್ದೆ, ತಲೆಗೇ ಅಂತ."

"ತಿಳ್ಕೊಂಡ್ರೂ ಮಾಡಿದ್ದು ಸರಿ. ಹಾಗಿದ್ದ ಪಾಪೆ ನೋಡಿದ್ರೆ ನಾನೂ ನಿಲ್ಲಿಸ್ತಿದ್ದೆ."

"ಅದಲ್ಲ ಸಾರ್. ನಾನು ಅದನ್ನ ನಾಲ್ಕನೇ ಸುತ್ತಾದ ಮೇಲೇ ನೋಡಿದ್ದೆ. ಕೈ ಎತ್ತಿದ್ದು ಐದನೇದು ಆದ ಮೇಲೆ. ಮಧ್ಯೆ ಅದೇ ಕಣ್ಣಿಗೆ ಎರಡು ಬಿತ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾಕೆ ಎತ್ತಲಿಲ್ಲ?"

"ಹೆದರಿಕೆ ಆಯ್ತು ಸಾರ್."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನಿನ್ನನ್ನ ಒಬ್ಬನ್ನೇ ಕಳಿಸಿದ್ದು ನನ್ನ ತಪ್ಪು" ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಆ ಎರಡು ಪೆಟ್ಟಿನಿಂದ ಎಷ್ಟು ಕೆಟ್ಟಿತು, ಮೊದಲೇ ಎಷ್ಟು ಕೆಟ್ಟಿತ್ತು, ಅದು ಯಾರಿಗೂ ಗೊತ್ತಾಗಲ್ಲ. ನಿನಗೂ ಗೊತ್ತಾಗಲ್ಲ. ಹೋಗಿ ಪಟ್ಟಿ ಕಟ್ಟು" ಅಂದರು.

ಮೂರನೇ ದಿನ ಪೂರಿಗಾಲಿಯವನು ಬಂದ. ಮೂಗಿಗೆ ಪಟ್ಟಿ, ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. ಬಾಗಿಲ ಹತ್ತಿರವೇ ನಿಂತು ನನ್ನನ್ನು ಕೇಳಿದ: "ಸಾಯಾಕಿಲ್ಲ ತಾನೇ? ಊರಲ್ಲಿ ಏನೇನೋ ಅಂತಾವ್ರೆ. ಮೂರು ದಿನದಿಂದ ನಂಗೆ ಅನ್ನ ಇಳೀತಿಲ್ಲ." ಒಳಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿದ್ದವನು ಹೆಜ್ಜೆ ಸದ್ದಿಗೆ "ಯಾರು?" ಅಂದ.

"ನಾನು ಕಣಪ್ಪ. ಪೂರಿಗಾಲಿಯೋನು."

ಮಂಚದ ಮೇಲಿದ್ದವನು ಕೈ ಚಾಚಿ ಗಾಳಿಯಲ್ಲಿ ಹುಡುಕಿದ. ಇವನು ಆ ಕೈ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತ.  "ನಿನ್ ಬಲಗೈ ಸ್ಯಾನೆ ಕೆಟ್ಟದ್ದು ಕಣ್ಲಾ" ಎಂದು ಮಲಗಿದ್ದವನು ಅಂದಾಗ, ಇವನು ಆ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡ. ಬಾಳೆಹಣ್ಣು ಸುಲಿದು ತಿನ್ನಿಸಿ, ಮಳವಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಎಂಟನೇ ದಿನ ಪಟ್ಟಿ ಬಿಚ್ಚಿದರು. ಎಡಗಣ್ಣಿಗೆ ಬೆಳಕು ತಿಳಿಯುತ್ತಿತ್ತು, ಮುಖದ ಮುಂದೆ ಕೈ ಆಡಿಸಿದರೆ ನೆರಳು ತಿಳಿಯುತ್ತಿತ್ತು. ಅಷ್ಟೇ. ಡಾಕ್ಟರು ಇನ್ನು ಹೆಚ್ಚು ಬರುವುದಿಲ್ಲ ಅಂದರು. ಅವರು ಹೋದ ಮೇಲೆ ನಾನು ಮಂಚದ ಪಕ್ಕ ನಿಂತು ಅವನಿಗೆ ಎಲ್ಲ ಹೇಳಿದೆ. ನಾಲ್ಕನೇ ಸುತ್ತಿಗೇ ನೋಡಿದ್ದೆ, ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಹೇಳುವಾಗಲೂ ನನಗೆ ಅವನ ಕೈಗಳ ಭಯವೇ. ಅವು ಕಂಬಳಿಯ ಮೇಲಿದ್ದವು. ಅವನು ಅವುಗಳನ್ನು ಎತ್ತಲಿಲ್ಲ. "ಓಗಿ ಸ್ವಾಮಿ" ಎಂದು ಗೋಡೆಯ ಕಡೆ ತಿರುಗಿದ. ಆಮೇಲೆ ಎರಡು ದಿನ ನಾನು ಕೊಟ್ಟ ಔಷಧಿ ಕುಡಿದ, ಮಾತಾಡಲಿಲ್ಲ.

ಅವನನ್ನು ಮನೆಗೆ ಕಳಿಸಿದ ದಿನ ಅಣ್ಣ ಗಾಡಿ ತಂದಿದ್ದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನಿಗೆ ಒಂದೇ ಕಣ್ಣಿನಲ್ಲಿ ಎತ್ತರ ಅಂದಾಜಾಗದೆ ಕಾಲು ತಡವರಿಸಿತು. ಪಕ್ಕದಲ್ಲಿದ್ದ ನನ್ನ ಭುಜ ಹಿಡಿದುಕೊಂಡ. ಗಾಡಿಯ ತನಕ ಹಾಗೇ ನಡೆದೆವು. ಹತ್ತಿ ಕೂತ ಮೇಲೆ, ಅಣ್ಣ ಎತ್ತಿನ ಹಗ್ಗ ಸರಿಮಾಡುತ್ತಿದ್ದಾಗ, ಅವನು ಬಗ್ಗಿ ಹೇಳಿದ:

"ಸುಮ್ಕಿರಿ ಅಂತ ನಾನೇ ಅಂದೆ. ಕೈ ಇಡ್ಕಂಡಿದ್ದು ನಮ್ಮಣ್ಣ. ನೀವು ನಮ್ ಮಾತ್ ಕೇಳ್ಬುಟ್ರಿ. ಇನ್ನೊಂದ್ ಕಿತ ಯಾರಾನ ಅಂಗಂದ್ರೆ ಕೇಳ್ಬ್ಯಾಡಿ ಸ್ವಾಮಿ."

ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವನು ಮತ್ತೆ ಗ್ಲೌಸು ಹಾಕಲಿಲ್ಲ. ಗದ್ದೆ ನೋಡಿಕೊಂಡು ಇದ್ದ. ಪೂರಿಗಾಲಿಯವನು ಮೈಸೂರಿನಲ್ಲಿ ಒಂದೆರಡು ಸಲ ಆಡಿ, ಎದುರಿನವನ ಮುಖಕ್ಕೆ ಹೊಡೆಯಲು ಕೈ ಏಳುವುದಿಲ್ಲವೆಂದು ಬಿಟ್ಟನಂತೆ.

ಸ್ವಾತಂತ್ರ್ಯ ಬಂದ ವರ್ಷ ಅದೇ ಸಂಘದವರು ಬೇರೆ ಇಬ್ಬರನ್ನು ಕರೆಸಿ ಇನ್ನೊಂದು ಗುದ್ದಾಟ ಏರ್ಪಡಿಸಿದರು. ಡಾಕ್ಟರು ತಾವೇ ಹೊರಟಿದ್ದರು. ನಾನು ಹೋಗುತ್ತೇನೆ ಸಾರ್ ಅಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ, ದಾರಿಯುದ್ದಕ್ಕೂ ಪಶ್ಚಾತ್ತಾಪಪಟ್ಟೆ. ಎರಡನೇ ಸುತ್ತಿನಲ್ಲಿ ಒಬ್ಬ ಬಿದ್ದು, ಎದ್ದು, ರೆಫರಿ ಯಾವ ಊರಪ್ಪ ನಿಂದು ಅಂದಾಗ ಎದುರಾಳಿಯ ಊರು ಹೇಳಿದ. ಜನ ನಕ್ಕರು. ನಾನು ಕೈ ಎತ್ತಿದೆ. ನಗು ನಿಂತು ಬೈಗುಳ ಶುರುವಾಯಿತು. ಅವತ್ತಿನಿಂದ ನನಗೆ ಪುಕ್ಲು ಕಾಂಪೌಂಡ್ರು ಎಂದು ಹೆಸರು ಬಿತ್ತು. ಮದ್ದೂರಿನಲ್ಲಿ ರೈಲಿಳಿದರೆ ಅಲ್ಲೂ ಯಾರಾದರೂ ಹಾಗೆ ಕರೆಯುತ್ತಿದ್ದರು. ಅದು ಸುಳ್ಳೆಂದು ಹೇಳಲು ನನಗೆ ಯಾವತ್ತೂ ಮನಸ್ಸಾಗಲಿಲ್ಲ. ಆ ಬಯಲಿನಲ್ಲಿ ಕೈ ಮೇಲಿದ್ದಷ್ಟು ಹೊತ್ತೂ ನನ್ನ ಮಂಡಿಗಳು ಒಂದಕ್ಕೊಂದು ಬಡಿಯುತ್ತಿದ್ದವು.